ರೋಶ್ ಹಶಾನಾ ಹಬ್ಬದ ತೆಂಗಿನಹಾಲಿನ ಹಲ್ವ: ಆಜಿಯ ‘ಅಂದಾಜು’ ಎಂದರೆ ಎಷ್ಟು?

ಪ್ರಶ್ನೆ: ಠಾಣೆಯಲ್ಲಿ ಬೆಳೆದವಳು, ಧಾರವಾಡ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ರೈಲ್ವೆಯಲ್ಲಿ ನೌಕರಿ ಇದ್ದುದರಿಂದ ನಾನು ಬೆಳೆದದ್ದು ಠಾಣೆಯ ಒಂದು ಚಾಳಿನಲ್ಲಿ. ನಮ್ಮ ಗೋಡೆಯಾಚೆಯ ಮನೆ ಬೆನೆ ಇಸ್ರೇಲ್ ಯೆಹೂದಿಗಳದಾಗಿತ್ತು. ಮನೆಯಲ್ಲಿ ಮರಾಠಿ ಮಾತನಾಡುತ್ತ, ಒಂಬತ್ತು ಗಜದ ಸೀರೆ ಉಡುತ್ತಿದ್ದ ಆ ಮನೆಯ ಹಿರಿಯರನ್ನು ಚಾಳಿನ ಮಕ್ಕಳೆಲ್ಲ ‘ಆಜಿ’ ಎಂದೇ ಕರೆಯುತ್ತಿದ್ದೆವು. ಅವರ ಹೊಸ ವರ್ಷವಾದ ರೋಶ್ ಹಶಾನಾ ಬಂತೆಂದರೆ ಆಜಿ ಗೋಧಿಯ ಹಾಲಿಗೆ ತೆಂಗಿನಹಾಲು ಸೇರಿಸಿ ಒಂದು ಹಲ್ವ ಮಾಡುತ್ತಿದ್ದರು. ದೊಡ್ಡ ತಾಟಿನಲ್ಲಿ ತಿಳಿ ಗುಲಾಬಿ ಬಣ್ಣದ ಹಲ್ವ ಇನ್ನೂ ಬಿಸಿಯಿರುವಾಗಲೇ ಅವರು ಚಾರೋಳಿ, ಬಾದಾಮಿ ಚೂರುಗಳನ್ನು ಉದುರಿಸಿ, ಒಂದೊಂದನ್ನೂ ಹೆಬ್ಬೆರಳಿನ ತುದಿಯಿಂದ ಮೆಲ್ಲಗೆ ಒತ್ತುತ್ತಿದ್ದರು. ಮರುದಿನ ಅದನ್ನು ಶಂಕರಪೋಳಿಯ ಆಕಾರಕ್ಕೆ ಕೊಯ್ದು, ಕ್ರೋಶಾ ಬಟ್ಟೆ ಮುಚ್ಚಿ, ಅಕ್ಕಪಕ್ಕದ ನಾಲ್ಕು ಮನೆಗೂ ಕಳಿಸುತ್ತಿದ್ದರು. ಬಂದ ತಾಟನ್ನು ಅವ್ವ ಬರಿದಾಗಿ ಮರಳಿಸದೆ ಎತ್ತಿಟ್ಟುಕೊಂಡು, ದೀಪಾವಳಿಗೆ ಕರಜಿಕಾಯಿ ತುಂಬಿ ಕೊಡುತ್ತಿದ್ದಳು.

ಆಜಿ ತೀರಿಕೊಂಡು ಬಹಳ ವರ್ಷಗಳಾದವು. ಅವರ ಮಗಳು ಮದುವೆಯಾಗಿ ಇಸ್ರೇಲಿಗೆ ಹೋಗಿ ಅಲ್ಲಿಯೇ ನೆಲೆಸಿದ್ದಾರೆ. ಈ ವರ್ಷ ಅವರು ತಂದೆತಾಯಿಯ ಸಮಾಧಿ ನೋಡಲು ಠಾಣೆಗೆ ಬರುತ್ತಿದ್ದು, ಹಬ್ಬವನ್ನೂ ಅಲ್ಲಿಯೇ ಮುಗಿಸಿಕೊಂಡು ಹೋಗುವವರಿದ್ದಾರೆ. ಅವರ ಮುಂದೆ ಆ ಹಲ್ವದ ತಾಟು ಇಡಬೇಕೆಂಬುದು ನನ್ನ ಆಸೆ. ನನ್ನ ಉದ್ದೇಶ ಹೇಳದೆ ಕೇಳಿದಾಗ ಅವರು ಆಜಿಯ ಹಳೆಯ ವಹಿಯ ಒಂದು ಪುಟದ ಫೋಟೊ ಕಳಿಸಿದರು. ಅದರಲ್ಲಿ ‘ಗವ್ಹಾಚಾ ಚೀಕ, ನಾರಳಾಚೆ ದೂಧ, ಸಾಖರ, ವೇಲದೋಡೆ’ ಎಂದು, ಅಂದರೆ ಗೋಧಿಯ ಹಾಲಿನ ಗಟ್ಟಿ, ತೆಂಗಿನಹಾಲು, ಸಕ್ಕರೆ, ಏಲಕ್ಕಿ ಎಂದು ನಾಲ್ಕು ಹೆಸರುಗಳಿವೆ. ಅಳತೆಯ ಜಾಗದಲ್ಲಿ ನಾಲ್ಕಕ್ಕೂ ಸೇರಿ ಒಂದೇ ಮಾತಿದೆ: ‘ಅಂದಾಜಾನೆ’.

ಎರಡು ಸಲ ಮಾಡಿ ನೋಡಿದೆ. ಮೊದಲ ಸಲ ಗೋಧಿ ನೆನೆಹಾಕಿ ಹಾಲು ತೆಗೆದು, ಸಕ್ಕರೆ ಮತ್ತು ತೆಂಗಿನಹಾಲನ್ನು ಒಟ್ಟಿಗೇ ಸೇರಿಸಿ ಒಂದೂವರೆ ತಾಸು ತಿರುವಿದರೂ ಅದು ತಾಟಿನಲ್ಲಿ ಗಟ್ಟಿಯಾಗದೆ ಪಾಯಸದಂತೆ ಉಳಿಯಿತು. ತುಸು ಹುಳಿ ವಾಸನೆಯೂ ಇತ್ತು. ಎರಡನೆಯ ಸಲ ಅರ್ಧ ತೆಂಗಿನಹಾಲು, ಅರ್ಧ ಎಮ್ಮೆಯ ಹಾಲು ಹಾಕಿ, ಮೇಲೆ ನಾಲ್ಕು ಚಮಚ ತುಪ್ಪ ಬಿಟ್ಟೆ. ಹಲ್ವವೇನೋ ಗಟ್ಟಿಯಾಯಿತು, ಆದರೆ ಅದರ ರುಚಿ ನಮ್ಮ ಪೇಡೆಯ ಕಡೆಗೆ ವಾಲಿತ್ತೇ ಹೊರತು ಆಜಿಯ ಹಲ್ವದ ಹತ್ತಿರಕ್ಕೂ ಬರಲಿಲ್ಲ. ಸರಿಯಾದ ಅಳತೆ ಯಾವುದು, ಎಲ್ಲಿ ತಪ್ಪುತ್ತಿದ್ದೇನೆ, ತುಪ್ಪ ಹಾಕಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕುಂದಾಪುರದವಳು, ಸದ್ಯ ಅಷ್ದೋದ್

ಅಕ್ಕಾ, ನಿಮ್ಮ ಪ್ರಶ್ನೆ ಓದಿ ಕೆಲಸದ ನಡುವೆಯೇ ಬರೆಯಲು ಕುಳಿತೆ. ನಾನು ಇಸ್ರೇಲಿನ ಅಷ್ದೋದ್ ಊರಿನಲ್ಲಿ ವಯಸ್ಸಾದವರ ಆರೈಕೆಯ ಕೆಲಸ ಮಾಡುತ್ತೇನೆ. ನಮ್ಮ ಕರಾವಳಿಯ ಬಹಳಷ್ಟು ಮಂದಿ ಇಲ್ಲಿ ಇದೇ ಕೆಲಸದಲ್ಲಿದ್ದಾರೆ. ನಾನು ನೋಡಿಕೊಳ್ಳುವವರು ಅಲಿಬಾಗ್ ಕಡೆಯಿಂದ ಬಂದ ಬೆನೆ ಇಸ್ರೇಲ್ ಅಜ್ಜಿ. ನನ್ನ ಮನೆಮಾತು ಕೊಂಕಣಿ, ಅವರದು ಮರಾಠಿ. ಹಾಗಾಗಿ ನನಗೆ ಹೀಬ್ರೂ ಬರುವ ಮೊದಲೇ ಅಡುಗೆಮನೆಯಲ್ಲಿ ನಮ್ಮಿಬ್ಬರಿಗೂ ಮಾತು ಕೂಡಿಬಂದಿತ್ತು. ಪ್ರತಿ ವರ್ಷ ಹೊಸ ವರ್ಷದ ಹಲ್ವಕ್ಕೆ ಸಟ್ಟುಗ ಹಿಡಿಯುವುದು ನಾನು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಣ್ಣಿಟ್ಟು ನೋಡುವುದು ಅವರು.

ಮೊದಲು ತುಪ್ಪದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆ ನಿಂತಿದೆ. ಹಾಕಬೇಡಿ, ಎಮ್ಮೆಯ ಹಾಲನ್ನಂತೂ ಹಾಕಲೇಬೇಡಿ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಮಾತು ಅವರ ಧರ್ಮಗ್ರಂಥವಾದ ತೋರಾದಲ್ಲಿ ಮೂರು ಕಡೆ ಬರುತ್ತದೆ. ಅದರಿಂದಾಗಿ ಅವರು ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಒಂದೇ ಊಟದಲ್ಲಿ ಬೆರೆಸುವುದಿಲ್ಲ, ಎರಡಕ್ಕೂ ಪಾತ್ರೆಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳುತ್ತಾರೆ. ಹಬ್ಬದ ಊಟದಲ್ಲಿ ಮಾಂಸದ ಅಡುಗೆ ಇರುವಾಗ ಅದರ ಹಿಂದೆಯೇ ತುಪ್ಪದ ಸಿಹಿ ಬಡಿಸುವಂತಿಲ್ಲ. ತೆಂಗಿನಹಾಲು ಮಾಂಸವೂ ಅಲ್ಲ, ಹಾಲೂ ಅಲ್ಲ. ಎರಡರ ಜೊತೆಗೂ ಸಲ್ಲುವ ಇಂಥ ಪದಾರ್ಥವನ್ನು ಇಲ್ಲಿ ‘ಪಾರ್ವೆ’ ಎನ್ನುತ್ತಾರೆ. ಕೊಂಕಣದ ತೋಟದಲ್ಲಿ ಬೆಳೆದದ್ದು ಅವರ ನೇಮಕ್ಕೂ ಒದಗಿಬಂತು. ಆದ್ದರಿಂದ ಈ ಹಲ್ವದಲ್ಲಿ ತೆಂಗಿನಹಾಲನ್ನು ಎಮ್ಮೆಯ ಹಾಲಿಗೆ ಬದಲಿ ಎಂದು ತಿಳಿಯಬಾರದು. ಹಲ್ವದ ಜೀವವೇ ಅದು. ನಿಮ್ಮ ನಾಲಿಗೆ ನೆನಪಿಟ್ಟುಕೊಂಡಿರುವುದೂ ಆ ರುಚಿಯನ್ನೇ.

ನಮ್ಮ ಅಜ್ಜಿಯ ಮನೆಯ ಅಳತೆ ಹೀಗಿದೆ: ಕಾಲು ಕಿಲೋ ಗೋಧಿ, ಒಂದು ಲೀಟರಿನಷ್ಟು ತೆಂಗಿನಹಾಲು, ಅರ್ಧ ಕಿಲೋಗಿಂತ ತುಸು ಹೆಚ್ಚು ಸಕ್ಕರೆ, ಒಂದು ಚಿಟಿಕೆ ಉಪ್ಪು, ಆರೇಳು ಏಲಕ್ಕಿ. ಇಲ್ಲಿ ಒಳ್ಳೆಯ ತೆಂಗಿನಕಾಯಿ ಸುಲಭವಾಗಿ ಸಿಗದ ಕಾರಣ ನಾವು ಡಬ್ಬಿಯ ಹಾಲನ್ನೇ ಬಳಸುತ್ತೇವೆ. ಊರಿನಲ್ಲಾದರೆ ಎರಡು ದೊಡ್ಡ ಕಾಯಿಯ ಮೊದಲ ಮತ್ತು ಎರಡನೆಯ ಹಾಲು ಸಾಕಾಗುತ್ತದೆ. ಗೋಧಿಯನ್ನು ಮೂರು ದಿನ ನೆನೆಸಬೇಕು, ದಿನಕ್ಕೆ ಎರಡು ಸಲ ನೀರು ಬದಲಿಸಲೇಬೇಕು. ನಿಮಗೆ ಹುಳಿ ವಾಸನೆ ಬಂದದ್ದು ಇಲ್ಲಿ ತಪ್ಪಿದ್ದರಿಂದಲೇ ಇರಬೇಕು. ಆಮೇಲೆ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ, ಬಂದ ಹಾಲನ್ನು ಏಳೆಂಟು ಗಂಟೆ ಅಲುಗಿಸದೆ ಇಡಬೇಕು. ಮೇಲೆ ನಿಂತ ಹಳದಿ ನೀರನ್ನು ಬಗ್ಗಿಸಿ ಚೆಲ್ಲಿದರೆ ತಳದಲ್ಲಿ ಮೊಸರಿನ ಗಟ್ಟಿಯಂತೆ ಕೂತಿರುವುದೇ ಆ ಚೀಕ. ನೀವು ಆ ನೀರನ್ನು ಚೆಲ್ಲಿದ್ದಿರೋ ಇಲ್ಲವೋ ಬರೆದಿಲ್ಲ. ಚೆಲ್ಲದಿದ್ದರೆ ಎಷ್ಟು ಹೊತ್ತು ಮಗುಚಿದರೂ ಪಾಯಸವೇ ಆಗುತ್ತದೆ.

ನಮ್ಮೂರಿನಲ್ಲಿ ಗೋಧಿ ಹಾಲುಬಾಯಿ ಮಾಡುವವರಿಗೆ ಈ ಕೆಲಸ ಹೊಸದಲ್ಲ. ಅಲ್ಲಿ ಬೆಲ್ಲ, ಇಲ್ಲಿ ಸಕ್ಕರೆ ಎಂಬುದೇ ಮುಖ್ಯ ವ್ಯತ್ಯಾಸ. ಮೊದಲ ವರ್ಷ ನಾನು ಮಗುಚುವುದನ್ನು ನೋಡಿ ಅಜ್ಜಿ, ‘ನಿನ್ನ ಕೈಗೆ ಇದು ಮೊದಲೇ ಗೊತ್ತಿದೆ’ ಎಂದಿದ್ದರು.

ಇನ್ನೊಂದು ಮಾತು. ಆಜಿಯ ಮಗಳು ಎಷ್ಟು ಕಟ್ಟುನಿಟ್ಟಾಗಿ ನೇಮ ಪಾಲಿಸುತ್ತಾರೆಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಕೆಲವರು ಬೇರೆಯವರ ಅಡುಗೆಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟುವುದಿಲ್ಲ, ಹಣ್ಣು ಮಾತ್ರ ತೆಗೆದುಕೊಳ್ಳುತ್ತಾರೆ. ಬಚ್ಚಿಟ್ಟು ಕೊಡುವ ಸಂತೋಷಕ್ಕಿಂತ ಅವರು ನಿಶ್ಚಿಂತೆಯಿಂದ ತಿನ್ನುವುದು ದೊಡ್ಡದು. ಅವರು ಒಪ್ಪಿದರೆ ಹೊಸ ಬಾಣಲೆ, ಹೊಸ ಸಟ್ಟುಗ, ಹೊಸ ತಾಟು ತನ್ನಿ. ನಿಮ್ಮ ಮನೆಯ ಪಾತ್ರೆಗಳಲ್ಲಿ ಹಾಲು, ತುಪ್ಪ ಬಳಸಿರುತ್ತೀರಿ.

ಉತ್ತರ: ಆಹಾರ ವಿಜ್ಞಾನದ ಅಧ್ಯಾಪಕ, ಮೈಸೂರು

ಮೇಲಿನ ಸಹೋದರಿಯವರು ಹೇಳಿದ್ದೆಲ್ಲವೂ ಸರಿಯಾಗಿದೆ. ಅದು ಏಕೆ ಹಾಗೆ ಎಂಬುದನ್ನಷ್ಟೇ ನಾನು ಸೇರಿಸುತ್ತೇನೆ, ಏಕೆಂದರೆ ಕಾರಣ ತಿಳಿದರೆ ಅಂದಾಜು ತಾನಾಗಿಯೇ ಕೈಗೆ ಬರುತ್ತದೆ.

ಗೋಧಿಯನ್ನು ರುಬ್ಬಿ ಹಿಂಡಿದಾಗ ಅಂಟು ಮತ್ತು ಹೊಟ್ಟು ಬಟ್ಟೆಯಲ್ಲಿ ಉಳಿದು, ಪಿಷ್ಟ ನೀರಿನೊಂದಿಗೆ ಕೆಳಗಿಳಿಯುತ್ತದೆ. ಹಲ್ವವನ್ನು ಗಟ್ಟಿಯಾಗಿ ಹಿಡಿದಿಡುವುದು ಈ ಪಿಷ್ಟ. ಬಿಸಿಯಾದಾಗ ಅದರ ಕಣಗಳು ನೀರು ಹೀರಿ ಉಬ್ಬಿ ಒಡೆಯಬೇಕು. ಆಮೇಲೆ ತಣ್ಣಗಾಗುವಾಗ ಅವು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಸಕ್ಕರೆಗೂ ನೀರಿನ ಸೆಳೆತ ಬಹಳ. ಮೊದಲೇ ಅಷ್ಟೊಂದು ಸಕ್ಕರೆ ಸುರಿದರೆ ಅದು ನೀರನ್ನು ತನ್ನ ಕಡೆಗೆ ಹಿಡಿದಿಟ್ಟುಕೊಳ್ಳುವುದರಿಂದ ಪಿಷ್ಟ ಬೇಯಲು ಇನ್ನೂ ಹೆಚ್ಚಿನ ಶಾಖ ಮತ್ತು ಸಮಯ ಬೇಕಾಗುತ್ತದೆ, ಎಷ್ಟೋ ಸಲ ಪೂರ್ತಿಯಾಗಿ ಬೇಯುವುದೇ ಇಲ್ಲ. ಆದ್ದರಿಂದ ಚೀಕ ಮತ್ತು ತೆಂಗಿನಹಾಲನ್ನು ತಣ್ಣಗಿರುವಾಗಲೇ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯ ಮೇಲಿಟ್ಟು, ಮಿಶ್ರಣದ ಹಸಿ ಬಿಳುಪು ಹೋಗಿ ಅದು ಹೊಳೆಯತೊಡಗುವವರೆಗೆ ತಿರುವಬೇಕು. ಸಕ್ಕರೆಯ ಸರದಿ ಅದಾದ ಮೇಲೆ. ಸಕ್ಕರೆ ಕರಗಿದಾಗ ಎಲ್ಲವೂ ಮತ್ತೆ ತೆಳುವಾಗುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಹುಳಿಯ ಬಗ್ಗೆಯೂ ಎಚ್ಚರ ಬೇಕು. ನೆನೆಸಿದ ನೀರು ಹುಳಿಯಾದರೆ ವಾಸನೆ ಕೆಡುವುದರ ಜೊತೆಗೆ, ಆ ಆಮ್ಲ ದೀರ್ಘ ಕಾಲದ ಬಿಸಿಯಲ್ಲಿ ಪಿಷ್ಟವನ್ನು ತುಂಡರಿಸಿ ಅದರ ಹಿಡಿತವನ್ನೂ ಸಡಿಲಿಸುತ್ತದೆ. ನಿಮ್ಮ ಮೊದಲ ಪ್ರಯತ್ನದಲ್ಲಿ ಈ ಎರಡು ತೊಂದರೆಗಳೂ ಒಟ್ಟಿಗೆ ಬಂದಂತೆ ಕಾಣುತ್ತದೆ.

ತುಪ್ಪದ ಅಗತ್ಯ ಶಾಸ್ತ್ರದ ದೃಷ್ಟಿಯಿಂದಲೂ ಇಲ್ಲ. ಮೊದಲ ತೆಂಗಿನಹಾಲಿನಲ್ಲಿ ಜಿಡ್ಡು ಧಾರಾಳವಾಗಿದೆ. ನೀರಿನ ಅಂಶ ಇಳಿಯುತ್ತಿದ್ದಂತೆ ಆ ಎಣ್ಣೆಯೇ ಬಾಣಲೆಯ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ, ಹಲ್ವ ತಳ ಬಿಟ್ಟು ಸಟ್ಟುಗದ ಸುತ್ತ ಒಂದೇ ಮುದ್ದೆಯಾಗಿ ತಿರುಗುತ್ತದೆ. ಇಳಿಸಬೇಕಾದ ಹದ ಅದು. ಅನುಮಾನವಿದ್ದರೆ ಒಂದು ಹನಿಯನ್ನು ತಣ್ಣನೆಯ ತಟ್ಟೆಗೆ ಹಾಕಿ ಎರಡು ನಿಮಿಷ ಬಿಟ್ಟು ಬೆರಳಿನಿಂದ ಮುಟ್ಟಿ. ಬೆರಳಿಗೆ ಅಂಟದೆ ಎದ್ದು ಬಂದರೆ ಆಗಿದೆ ಎಂದರ್ಥ. ತಾಟಿಗೆ ಸುರಿದ ಮೇಲೆ ರಾತ್ರಿಯಿಡೀ ಹೊರಗೇ ಇರಲಿ. ಬೇಗ ಗಟ್ಟಿಯಾಗಲೆಂದು ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಒರಟಾಗಿ ನೀರು ಬಿಡುತ್ತದೆ, ಆ ಮೃದುತ್ವ ಹೋಗಿಬಿಡುತ್ತದೆ.

ಉತ್ತರ: ಮುಂಬಯಿ ಕನ್ನಡಿಗ, ಡೊಂಬಿವಲಿ

ನನ್ನ ಅನುಭವ ಸ್ವಲ್ಪ ಬೇರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಬೆನೆ ಇಸ್ರೇಲ್ ಸ್ನೇಹಿತರ ಮನೆಯಲ್ಲಿ ಈ ಹಲ್ವವನ್ನು ಚೈನಾ ಗ್ರಾಸ್ ಹಾಕಿ ಮಾಡುತ್ತಾರೆ. ಮೂರು ದಿನ ಗೋಧಿ ನೆನೆಸುವ ವ್ಯವಧಾನ ನೌಕರಿ ಮಾಡುವವರಿಗೆ ಎಲ್ಲಿದೆ? ಚೈನಾ ಗ್ರಾಸ್ ಸಮುದ್ರದ ಪಾಚಿಯಿಂದ ತೆಗೆದದ್ದಾದ್ದರಿಂದ ನೇಮಕ್ಕೂ ತೊಡಕಿಲ್ಲ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಗಟ್ಟಿಯಾಗದೆ ಉಳಿಯುವ ಭಯವಿಲ್ಲ. ಆದರೆ ಒಂದನ್ನು ಒಪ್ಪಿಕೊಳ್ಳಲೇಬೇಕು: ಅದು ಹಲ್ಲಿಗೆ ಸಿಕ್ಕು ಪಟ್ಟನೆ ಮುರಿಯುತ್ತದೆ, ಚೀಕದ ಹಲ್ವದಂತೆ ನಾಲಿಗೆಯ ಮೇಲೆ ನಿಧಾನವಾಗಿ ಎಳೆಯುವುದಿಲ್ಲ. ಆಜಿಯ ಪುಟದಲ್ಲಿ ಚೀಕ ಎಂದು ಬರೆದಿರುವಾಗ ನೀವು ಚೀಕದಲ್ಲಿಯೇ ಮಾಡುವುದು ಸರಿ.

ನಾನು ಬರೆಯಬೇಕೆಂದುಕೊಂಡದ್ದು ಮುಖ್ಯವಾಗಿ ಇನ್ನೊಂದು ವಿಷಯ. ಈ ಸಮುದಾಯದವರು ತಮ್ಮ ಹಬ್ಬಗಳಿಗೆ ಇಟ್ಟುಕೊಂಡಿದ್ದ ಹಳೆಯ ಮರಾಠಿ ಹೆಸರುಗಳಲ್ಲಿ ಹಲವು ಅಡುಗೆಯಿಂದಲೇ ಹುಟ್ಟಿದವು. ರೋಶ್ ಹಶಾನಾ ‘ನವ್ಯಾಚಾ ಸಣ’, ಅಂದರೆ ಹೊಸತಿನ ಹಬ್ಬ. ಅದೇ ತಿಂಗಳ 4ನೆಯ ದಿನ ‘ಖಿರೀಚಾ ಸಣ’. ಹೊಸ ಧಾನ್ಯವನ್ನು ತೆಂಗಿನಹಾಲಿನಲ್ಲಿ ಬೇಯಿಸಿ ಸಿಹಿ ಸೇರಿಸಿದ ಖೀರಿನ ಹಬ್ಬ ಅದು. ಪುರೀಮ್ ಹಬ್ಬಕ್ಕೆ ‘ಹೋಳೀಚಾ ಸಣ’ ಎಂಬ ಹೆಸರಿದೆ. ನಮ್ಮ ಹೋಳಿಯ ಸುಮಾರಿಗೇ ಬರುವ ಆ ಹಬ್ಬಕ್ಕೆ ಅವರ ಮನೆಗಳಲ್ಲೂ ಪೂರಣಪೋಳಿ ಬೇಯುತ್ತಿತ್ತು. ಜೆರುಸಲೇಮಿನ ದೇವಾಲಯ ನಾಶವಾದ ದುಃಖದ ದಿನವಾದ ತಿಶಾ ಬಾವ್‌ಗೆ ಅವರಲ್ಲಿ ‘ಬಿರಡ್ಯಾಚಾ ಸಣ’ ಎಂದು ಹೆಸರು. ಅದರ ಹಿಂದಿನ ದಿನಗಳಲ್ಲಿ ಮಾಂಸ ಬಿಟ್ಟು, ಮೊಳಕೆ ಬರಿಸಿ ಸಿಪ್ಪೆ ತೆಗೆದ ವಾಲ್ ಕಾಳಿನ ಸಾರು ಉಣ್ಣುವುದು ಅವರ ಪದ್ಧತಿ. ನಾವು ಹಿದುಕಿದ ಅವರೆಬೇಳೆ ಎನ್ನುವುದಕ್ಕೆ ಅದು ಬಲು ಹತ್ತಿರದ ನೆಂಟ; ನನ್ನ ತಾಯಿ ಚಿಕ್ಕಬಳ್ಳಾಪುರದವರು, ಸ್ನೇಹಿತರ ಮನೆಯಲ್ಲಿ ಮೊದಲ ಸಲ ಬಿರಡೆ ಉಂಡಾಗ ತವರಿನ ಊಟ ಎಂದು ಕಣ್ಣು ತುಂಬಿಕೊಂಡಿದ್ದರು.

ಕನ್ನಡನಾಡಿಗೂ ಇವರಿಗೂ ಇರುವ ಒಂದು ಹಳೆಯ ನಂಟನ್ನು ಇಲ್ಲಿ ಹೇಳಬಹುದು. ಮುಂಬಯಿಯ ಅತ್ಯಂತ ಹಳೆಯ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ) ಆದ ‘ಶಾರ್ ಹರಹಮೀಮ್’ ಅನ್ನು 1796ರಲ್ಲಿ ಕಟ್ಟಿಸಿದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಅವರು ಬ್ರಿಟಿಷ್ ಸೈನ್ಯದಲ್ಲಿದ್ದಾಗ ಟಿಪ್ಪು ಸುಲ್ತಾನನ ಸೆರೆಯಾಳಾಗಿದ್ದರೆಂದೂ, ಜೀವಸಹಿತ ಮರಳಿದ ಕೃತಜ್ಞತೆಗಾಗಿ ಆ ಮಂದಿರ ಕಟ್ಟಿಸಿದರೆಂದೂ ಸಮುದಾಯದಲ್ಲಿ ಹೇಳುತ್ತ ಬಂದಿದ್ದಾರೆ. ಕೃತಜ್ಞತೆ ಸಲ್ಲಿಸಲು ಇವರು ಮಾಡುವ ಅಡುಗೆಯೂ ಒಂದಿದೆ: ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ಹಣ್ಣುಗಳೊಂದಿಗೆ ತಾಟಿನಲ್ಲಿಟ್ಟು ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಅರ್ಪಿಸುವ ‘ಮಲೀದಾ’. ಆಜಿಯ ಮಗಳು ಬೇರೆಯವರ ಮನೆಯಲ್ಲಿ ಬೇಯಿಸಿದ್ದನ್ನು ತಿನ್ನುವವರಲ್ಲವೆಂದಾದರೆ, ಒಲೆಯನ್ನೇ ಕಾಣದ ಈ ಮಲೀದಾಕ್ಕೆ ಬೇಕಾದ ಸಾಮಗ್ರಿ ಕೊಂಡುಹೋಗಿ ಅವರ ಕೈಯಿಂದಲೇ ಕಲಸಿಸಬಹುದು.

ಉತ್ತರ: ಕುಂದಾಪುರದವಳು, ಸದ್ಯ ಅಷ್ದೋದ್

ದಿನದ ಲೆಕ್ಕ ಹೇಳುವುದು ಬಿಟ್ಟುಹೋಗಿತ್ತು. ಈ ವರ್ಷ, ಅಂದರೆ 2026ರಲ್ಲಿ, ರೋಶ್ ಹಶಾನಾ ಸೆಪ್ಟೆಂಬರ್ 11ರ ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗುತ್ತದೆ. ಮೊದಲ ದಿನವೇ ಶನಿವಾರವಾದ್ದರಿಂದ ಆ ದಿನ ಅವರು ಏನನ್ನೂ ಬೇಯಿಸುವಂತಿಲ್ಲ. ಹಬ್ಬ ಭಾನುವಾರ ರಾತ್ರಿಗೆ ಮುಗಿಯುತ್ತದೆ, ಮರುದಿನವೇ ನಮ್ಮ ಗಣೇಶ ಚತುರ್ಥಿ. ಇಬ್ಬರ ತಿಂಗಳೂ ಚಂದ್ರನ ಲೆಕ್ಕದವಾದ್ದರಿಂದ ಹೀಗೆ ಹತ್ತಿರ ಬರುತ್ತವೆ. 2025ರಲ್ಲಿ ನವರಾತ್ರಿಯ ಮೊದಲ ದಿನದ ಸಂಜೆಯೇ ಇಲ್ಲಿ ಹೊಸ ವರ್ಷದ ದೀಪ ಹಚ್ಚಿದ್ದೆವು.

ಹಬ್ಬದ ಮೊದಲ ರಾತ್ರಿ ಮೇಜಿನ ಮೇಲೆ ಜೇನಿನಲ್ಲಿ ಅದ್ದಿದ ಸೇಬು, ಖರ್ಜೂರ, ದಾಳಿಂಬೆ, ಕುಂಬಳ, ಅಲಸಂದೆ ಕಾಳು ಇರುತ್ತವೆ; ಒಂದೊಂದನ್ನೂ ಒಂದೊಂದು ಪ್ರಾರ್ಥನೆ ಹೇಳಿ ತಿನ್ನುತ್ತಾರೆ. ನಮ್ಮ ಅಜ್ಜಿ ಹಲ್ವದ ತಾಟನ್ನು ಸೇಬಿನ ಪಕ್ಕದಲ್ಲಿ ಇಡಿಸುತ್ತಾರೆ. ಅವರ ಮೊಮ್ಮಕ್ಕಳಿಗೆ ಮರಾಠಿ ಬರುವುದಿಲ್ಲ, ಆದರೂ ‘ಚೀಕ’ ಎಂಬ ಶಬ್ದ ಎಲ್ಲರಿಗೂ ಗೊತ್ತು. ಮತ್ತೊಂದು: ಏಪ್ರಿಲ್ ಸುಮಾರಿಗೆ ಬರುವ ಪೆಸಾಹ್ ಹಬ್ಬದಲ್ಲಿ ಮಾತ್ರ ಯಾರಿಗೂ ಈ ಹಲ್ವ ಕಳಿಸಬೇಡಿ, ಏಕೆಂದರೆ ಆಗ ನೀರಿನಲ್ಲಿ ನೆನೆದ ಗೋಧಿ ಮನೆಯೊಳಗೇ ಬರಬಾರದು.

ಪ್ರಶ್ನೆ ಕೇಳಿದವಳಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಂಗೀ, ನೀವು ಹೇಳಿದಂತೆ ಆಜಿಯ ಮಗಳಿಗೆ ಫೋನ್ ಮಾಡಿ ಎಲ್ಲವನ್ನೂ ಬಿಚ್ಚಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. ಆಮೇಲೆ ಅವರು, ಹೊಸ ಪಾತ್ರೆಯಲ್ಲಿ ಹಾಲು, ತುಪ್ಪ ಸೋಕದಂತೆ ಮಾಡಿದರೆ ಖಂಡಿತ ತಿನ್ನುವುದಾಗಿ ಹೇಳಿದರು. ಬಣ್ಣದ ವಿಷಯ ಅವರೇ ನೆನಪಿಸಿದರು: ಆಜಿ ಹಾಕುತ್ತಿದ್ದುದು ಗುಲಾಬಿ ಬಣ್ಣದ ಒಂದೇ ಹನಿ, ಅದೂ ಸಕ್ಕರೆ ಕರಗಿದ ಮೇಲೆ.

ಮೊನ್ನೆ ಮೂರನೆಯ ಸಲ ಮಾಡಿದೆ. ಕಾಲು ಕಿಲೋ ಗೋಧಿ, ಎರಡು ಕಾಯಿ, ಐನೂರೈವತ್ತು ಗ್ರಾಂ ಸಕ್ಕರೆ. ಹಳದಿ ನೀರನ್ನು ಪೂರ್ತಿ ಬಗ್ಗಿಸಿದೆ. ಮೊದಲ ಸಲ ಅದನ್ನು ಚೆಲ್ಲಿರಲಿಲ್ಲವೆಂದು ಈಗ ನೆನಪಾಯಿತು. ನಲವತ್ತು ನಿಮಿಷಕ್ಕೆ ಮಿಶ್ರಣ ಹೊಳೆಯಿತು, ಸಕ್ಕರೆ ಹಾಕಿದೊಡನೆ ಸರ್ ಹೇಳಿದಂತೆ ಮತ್ತೆ ತೆಳುವಾಯಿತು, ಇನ್ನೊಂದು ತಾಸಿಗೆ ಅಂಚಿನಲ್ಲಿ ಎಣ್ಣೆ ಕಾಣಿಸಿಕೊಂಡಿತು. ತೋಳು ಸೋತಾಗ ನನ್ನ ಮಗ ಬಂದು ಸಟ್ಟುಗ ಹಿಡಿದ. ಮರುದಿನ ಕೊಯ್ದರೆ ಚಾಕುವಿಗೆ ಅಂಟದೆ ತುಂಡುಗಳು ಎದ್ದುಬಂದವು. ಎಂಬತ್ತೆರಡು ವರ್ಷದ ಅವ್ವ ಒಂದು ತುಂಡನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ, ‘ಏಲಕ್ಕಿ ಇನ್ನೂ ಎರಡು ಬೇಕಿತ್ತು’ ಎಂದಳು. ಆಜಿಯ ಅಂದಾಜು ಅವ್ವನ ನಾಲಿಗೆಯಲ್ಲಿ ಉಳಿದಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಸೆಪ್ಟೆಂಬರ್ 6ರ ಭಾನುವಾರ ಬೆಳಿಗ್ಗೆ ಗೋಧಿ ನೆನೆಹಾಕಿ, 9ರ ಬುಧವಾರ ರುಬ್ಬಿ ರಾತ್ರಿ ಕಾಯಿಸಿ, ಗುರುವಾರದ ರಾತ್ರಿ ರೈಲಿಗೆ ಹೊರಟರೆ ಶುಕ್ರವಾರ ಬೆಳಿಗ್ಗೆ ಠಾಣೆಯಲ್ಲಿರುತ್ತೇನೆ. ಏಲಕ್ಕಿ ಒಂಬತ್ತು ಹಾಕುತ್ತೇನೆ.